ಅತ್ತೆ ಬರೆಯದೆ ಬಿಟ್ಟ ಹೆಸರು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಉತ್ತರ ಹೇಳುವ ಮೊದಲೇ ನನಗೆ ಸುಸ್ತಾಗುತ್ತದೆ. ಮೊಬೈಲಿನ ಗಾಜಿನ ಮೇಲೆ ಬೆರಳು ಎಳೆದು ಕನ್ನಡ ಬರೆಯುವ ಕೀಬೋರ್ಡ್ ಮಾಡುತ್ತೇನೆ ಎಂದು ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಹತ್ತು ಸಲ ಹೇಳಿದ್ದೇನೆ. ಹನ್ನೊಂದನೆಯ ಸಲ ಪಕ್ಕದ ಮನೆಯವರು ಗಾಜು ಒಡೆದ ಫೋನು ತಂದು, "ನೀವ ರಿಪೇರಿ ಮಾಡ್ತೀರಂತಲ್ರೀ, ಇದೊಂದೀಟ ನೋಡ್ರಿ" ಎಂದರು. ಸಿಟ್ಟು ಬಂತು. ಆದರೆ ಸಿಟ್ಟು ಬಂದಾಗ ಕೆಲಸ ಜಾಸ್ತಿ ಮಾಡುವುದು ನನ್ನ ಜಾಯಮಾನ. ಜಗತ್ ಸರ್ಕಲ್ ಹತ್ತಿರದ ಅಂಗಡಿಗೆ ನಾನೇ ಹೋಗಿ ಹೊಸ ಗಾಜು ಹಾಕಿಸಿಕೊಂಡು ಬಂದೆ. ಅಂದಿನಿಂದ ಓಣಿಯ ಪಾಲಿಗೆ ನಾನು ರಿಪೇರಿಯವಳೇ.

ನಿಜವಾದ ಕೆಲಸ ಹೀಗಿದೆ. ಸಣ್ಣ ಕಂಪನಿ, ಐದು ಜನ, ಐದು ಊರು. ನಾನು ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ಮಾಡುತ್ತೇನೆ. ಕನ್ನಡದಲ್ಲಿ ಒಂದೊಂದು ವ್ಯಂಜನಕ್ಕೂ ಕಾಗುಣಿತದ ದೊಡ್ಡ ಸಂಸಾರವಿದೆ. ಅಷ್ಟನ್ನೂ ಅಂಗೈಯಗಲದ ಗಾಜಿನ ಮೇಲೆ ಹರಡಿದರೆ ಒಂದೊಂದು ಅಕ್ಷರ ಸಾಸಿವೆ ಕಾಳಷ್ಟಾಗುತ್ತದೆ. ಅದಕ್ಕೆ ನಾವು ಮಾಡಿದ ಉಪಾಯ ಒಂದು ಬಳೆ. 'ಕ' ಮೇಲೆ ಬೆರಳಿಟ್ಟರೆ ಅದರ ಸುತ್ತ ಬಳೆಯಾಕಾರದಲ್ಲಿ ಕಾ, ಕಿ, ಕು, ಕೆ ಎಲ್ಲ ಮೂಡುತ್ತವೆ. ಬೇಕಾದದ್ದರ ಕಡೆಗೆ ಬೆರಳು ಜಾರಿಸಿ, ಎತ್ತದೆ ಹಾಗೇ ಮುಂದಿನ ಅಕ್ಷರಕ್ಕೆ ಹೋಗಬೇಕು. ಪದ ಮುಗಿದಾಗ ಬೆರಳು ಎತ್ತಿದರಾಯಿತು. ಕೈ ಕೂತರೆ ಬರಹ ಮಾತಿನ ಬೆನ್ನು ಹತ್ತಿ ಓಡುತ್ತದೆ.

ಇದನ್ನೆಲ್ಲ ಸಂಬಳಕ್ಕಾಗಿ ಮಾಡುತ್ತಿದ್ದೆ, ಖುಷಿಯಿಂದಲೇ ಮಾಡುತ್ತಿದ್ದೆ. ಆದರೆ ಜೀವ ಕೊಟ್ಟು ಮಾಡಲು ಶುರುಮಾಡಿದ್ದು ಅತ್ತೆಗಾಗಿ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕಮಲಾಪುರದಲ್ಲಿ ಮನೆ. ಅವಳ ಗಂಡ, ನಾವು ಮಾಮಾ ಎನ್ನುವವರು, ಕೆಂಪು ಬಾಳೆ ಬೆಳೆಯುತ್ತಾರೆ. ಮಾಮಾ ಮಾತಾಡುವುದಿಲ್ಲ. ಮೂಕರಲ್ಲ, ಮಾತಾಡುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ, ಅಷ್ಟೇ. ಊಟ ಆಯಿತೇ ಎಂದು ಮಾಮಾನನ್ನು ಕೇಳಿದರೆ ಅವರು ಅತ್ತೆಯ ಮುಖ ನೋಡುತ್ತಿದ್ದರು. "ಎರಡ ರೊಟ್ಟಿ ಉಂಡಾರ, ಮೂರನೇದ್ದು ಬ್ಯಾಡಂದ್ರು" ಎಂದು ಅತ್ತೆ ಹೇಳುತ್ತಿದ್ದಳು. ತೋಟಕ್ಕೆ ವ್ಯಾಪಾರಿ ಬಂದರೆ ಮಾಮಾ ಗೊನೆ ತೋರಿಸುವುದು, ಅತ್ತೆ ಮಾತು ಮುಗಿಸುವುದು. ನಲವತ್ತು ವರ್ಷ ಆ ಮನೆ ಹೀಗೇ ನಡೆದಿತ್ತು.

ಅತ್ತೆಯ ಮಾತು ಮನೆಗಷ್ಟೇ ಸೀಮಿತವಾಗಿರಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆ, ಬಸುರಿಗೆ ಮಾಡುವ ಕುಬುಸದಂಥ ಕಾರ್ಯಗಳಲ್ಲಿ ಮಾತ್ರ ನಾಲ್ಕು ಜನ ಹೆಂಗಸರು ಗಂಟು ಬಿದ್ದು ಹೇಳಿಸುತ್ತಾರೆ. ಆಗಲೂ ಬರೀ ಹೆಸರಲ್ಲ, ಪ್ರಾಸ ಕಟ್ಟಿ ಎರಡು ಸಾಲು ಹೇಳಿ ಅದರ ತುದಿಗೆ ಹೆಸರಿಡಬೇಕು. ಅದೇ ಒಡಪು. ಬಾಯಿಪಾಠದ ಒಡಪು ಎಲ್ಲರಿಗೂ ಬರುತ್ತದೆ. ಎದುರಿಗೆ ಕೂತವಳನ್ನು ನೋಡಿ ಅಲ್ಲೇ ಕಟ್ಟುವುದು ಅತ್ತೆಯೊಬ್ಬಳಿಗೇ ಬರುತ್ತಿತ್ತು. ಮದುಮಗಳು ತಡವರಿಸಿದರೆ ಅತ್ತೆ ಬಗ್ಗಿ ಕಿವಿಯಲ್ಲಿ ಊದುತ್ತಿದ್ದಳು.

ನನ್ನ ಮದುವೆಯಲ್ಲೂ ಊದಿದಳು. ಗಾಬರಿಯಲ್ಲಿದ್ದ ನಾನು ಏನೆಂದು ಯೋಚಿಸದೆ ಅವಳು ಹೇಳಿದ್ದನ್ನೇ ಜೋರಾಗಿ ಒಪ್ಪಿಸಿದೆ: "ಅಡಗಿ ಬರಂಗಿಲ್ಲ, ಹೊಲಿಗಿ ಬರಂಗಿಲ್ಲ, ಬೆರಳೊಂದ ಓಡ್ತದ ಫೋನಿನ ಮ್ಯಾಲ, ಇಷ್ಟೆಲ್ಲ ಗೊತ್ತಿದ್ದೂ ತಾಳಿ ಕಟ್ಟಿದ ಪುಣ್ಯವಂತರು..." ಹೆಸರು ಹೇಳುವ ಹೊತ್ತಿಗೆ ಮಂಟಪವೇ ನಗುತ್ತಿತ್ತು. ನನ್ನ ಗಂಡ ಇವತ್ತಿಗೂ ಅಡುಗೆಮನೆಯಲ್ಲಿ ಸಾರಿನ ರುಚಿ ನೋಡಿ "ಪುಣ್ಯವಂತರು" ಎಂದು ನಿಟ್ಟುಸಿರು ಬಿಡುತ್ತಾರೆ. ಅತ್ತೆಯ ಮೇಲೆ ನನಗಿರುವ ಪ್ರೀತಿಯಲ್ಲಿ ಇಂಥ ಸಿಟ್ಟೂ ಸೇರಿದೆ.

ಹೋದ ವರ್ಷದ ಹಿಂದಿನ ವರ್ಷ ಅತ್ತೆಯ ಗಂಟಲಲ್ಲಿ ಗಡ್ಡೆ ಕಂಡಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಉಳಿಯಿತು, ಅದರ ಮೇಲೆ ಸದಾ ಒಂದು ಬಿಳಿ ಬಟ್ಟೆ. ಮಾತು ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಎರಡು ಮದುವೆ, ಒಂದು ಗೃಹಪ್ರವೇಶ ಬಂದವು; ಅತ್ತೆ ಮನೆಬಿಟ್ಟು ಹೊರಡಲಿಲ್ಲ. ನಾನು ಕರೆಯಲು ಹೋದಾಗ ಪಾಟಿಯ ಮೇಲೆ ಬಳಪದಲ್ಲಿ ಬರೆದು ತೋರಿಸಿದಳು: "ಮಂದ್ಯಾಗ ಬಂದು ಗೊಂಬಿ ಹಂಗ ಕೂಡಲೇನು?"

ಪಾಟಿಯೂ ಬಹಳ ದಿನ ನಡೆಯಲಿಲ್ಲ. ಬಳಪದ ಪುಡಿ ಕುತ್ತಿಗೆಯ ತೂತಿಗೆ ಹೋಗಿ ಕೆಮ್ಮು ಹತ್ತುತ್ತಿತ್ತು. ಪೆನ್ನು, ನೋಟ್‌ಬುಕ್ಕು ಕೊಟ್ಟೆವು. ಅದನ್ನು ಎರಡು ದಿನ ಹಿಡಿದು ಮೂರನೆಯ ದಿನ ಅದರಲ್ಲೇ ದೂರು ಬರೆದಳು: "ನಾ ಬರ್ದು ಮುಗಸೂದ್ರಾಗ ಜಗಳಾನೇ ಮುಗದ ಹೋಗ್ತದ." ಓದಿ ನಕ್ಕೆ. ನಕ್ಕ ಮೇಲೆ ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ಅವಳಿಗೆ ಬೇಕಾಗಿದ್ದದ್ದು ಬರೆಯುವ ಸಾಧನ ಅಲ್ಲ, ಎದುರಿನವರ ಮಾತು ಆರುವ ಮೊದಲು ಉತ್ತರ ಕೊಡುವ ವೇಗ. ಆ ವೇಗಕ್ಕಾಗಿಯೇ ಅಲ್ಲವೇ ನಾನು ದಿನಾ ಮಾಳಿಗೆ ಮೇಲೆ ಕೂತು ತಲೆ ಕೆಡಿಸಿಕೊಳ್ಳುತ್ತಿದ್ದದ್ದು?

ಅದೇ ತಿಂಗಳು ನನ್ನ ತಂಗಿ ಬಸುರಿ ಎಂದು ಗೊತ್ತಾಯಿತು. ಏಳನೆಯ ತಿಂಗಳಿಗೆ ಕುಬುಸ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ತಂಗಿ ನನ್ನ ಕೋಣೆಗೆ ಬಂದು ಕೂತು, "ನೋಡಕ್ಕಾ, ಅತ್ತಿ ಬರಬೇಕು. ಆಕಿ ಬರ್ಲಿಲ್ಲಂದ್ರ ನಾ ಒಡಪ ಹೇಳಂಗಿಲ್ಲ, ಹಸರು ಸೀರಿ ಉಡಂಗಿಲ್ಲ" ಎಂದಳು. ಅವಳು ಚಿಕ್ಕಂದಿನಿಂದ ಹಟದವಳು. ಅತ್ತೆ ಮತ್ತೆ ಹೆಂಗಸರ ನಡುವೆ ಬಂದು ಕೂರಬೇಕು, ಬಂದರೆ ಬಾಯಿ ತೆರೆಯುವಂತಿರಬೇಕು. ನನ್ನ ಕೈಯಲ್ಲಿ ನಾಲ್ಕು ತಿಂಗಳಿತ್ತು.

ಒಂದು ಭಾನುವಾರ ಹೊಸ ಫೋನು ತೆಗೆದುಕೊಂಡು ಕಮಲಾಪುರಕ್ಕೆ ಹೋದೆ. ಅತ್ತೆಯ ಬೆರಳನ್ನು ಗಾಜಿನ ಮೇಲಿಟ್ಟು ಬಳೆ ತೋರಿಸಿದೆ. ಬಳೆ ಮೂಡಲಿಲ್ಲ. ಒತ್ತಿದಳು, ಇಲ್ಲ. ನನ್ನ ಬೆರಳಿಗೆ ಓಡುತ್ತಿದ್ದದ್ದು ಅವಳ ಬೆರಳಿಗೆ ಮಿಸುಕಲಿಲ್ಲ. ಕೈ ಹಿಡಿದು ನೋಡಿದೆ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಬರಿಗೈಯಲ್ಲಿ ತಿರುವಿ ಹಾಕಿದ ಬೆರಳುಗಳವು. ತುದಿ ಒಣಗಿ ಗಟ್ಟಿಯಾಗಿ, ಅಲ್ಲಿ ಬೆರಳಿದೆ ಎಂದೇ ಗಾಜಿಗೆ ತಿಳಿಯುತ್ತಿರಲಿಲ್ಲ. ಈ ಗಾಜುಗಳನ್ನು ಮಾಡಿದವರ ಮನೆಯಲ್ಲಿ ಯಾರೂ ರೊಟ್ಟಿ ಬಡಿದಿರಲಿಕ್ಕಿಲ್ಲ.

ಅತ್ತೆ ಎದ್ದು ಹೋಗಿ, ಬಟ್ಟಲಲ್ಲಿ ನೀರು ತಂದಳು. ಹಿಟ್ಟು ಮಾತು ಕೇಳದಿದ್ದರೆ ಬೆರಳಿಗೆ ನೀರು ಮುಟ್ಟಿಸುವುದು ಅವಳ ರೂಢಿ. ನಾನು "ಬ್ಯಾಡತ್ತಿ" ಎನ್ನುವಷ್ಟರಲ್ಲಿ ನೀರು ತೊಟ್ಟಿಕ್ಕುವ ಬೆರಳನ್ನು ಗಾಜಿನ ಮೇಲಿಟ್ಟಾಗಿತ್ತು. ಅಕ್ಷರಗಳು ಸುರಿದವು. ಒಂದೊಂದು ಹನಿಯೂ ಒಂದೊಂದು ಬೆರಳಾಗಿ, ಅರ್ಥವಿಲ್ಲದ ಉದ್ದನೆಯ ಸಾಲು ಬೆಳೆಯುತ್ತಲೇ ಹೋಯಿತು. ಅತ್ತೆ ಹೆದರಲಿಲ್ಲ, ನನ್ನ ಕಡೆ ತಿರುಗಿ, ನೋಡು ಎಷ್ಟು ಬರೆದೆ ಎಂಬಂತೆ ಹುಬ್ಬು ಹಾರಿಸಿದಳು.

ಇನ್ನೊಂದು ತೊಂದರೆ ಆಮೇಲೆ ಕಂಡಿತು. ರೊಟ್ಟಿ ಬಡಿಯುವಾಗ ಕೈ ಇದ್ದಲ್ಲೇ ಇರುತ್ತದೆ, ತಿರುಗುವುದು ರೊಟ್ಟಿ. ಅತ್ತೆ ಬಲಗೈ ಬೆರಳನ್ನು ಒಂದೇ ಕಡೆ ಇಟ್ಟು ಎಡಗೈಯಿಂದ ಫೋನನ್ನೇ ಸುತ್ತು ತಿರುಗಿಸುತ್ತಿದ್ದಳು. ಪರದೆ ಅಡ್ಡವಾಗುತ್ತಿತ್ತು, ಉದ್ದವಾಗುತ್ತಿತ್ತು, ನನ್ನ ಬಳೆ ಎಲ್ಲೋ ಕಳೆದುಹೋಗುತ್ತಿತ್ತು. ಜೊತೆಗೆ ಜಾರಿಸು ಎಂದರೆ ಬಡಿಯುತ್ತಿದ್ದಳು, ಪಟ್ ಪಟ್ ಎಂದು. ಒಂದೊಂದು ಬಡಿತಕ್ಕೂ ಪದ ಮುಗಿಯಿತೆಂದು ಕೀಬೋರ್ಡು ತಿಳಿಯುತ್ತಿತ್ತು. ಆ ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಎರಡು ವರ್ಷದ ಕೆಲಸದ ಮೇಲೆ ನನಗೇ ಬೇಸರ ಹತ್ತಿತ್ತು.

ಆದರೂ ಹಟ ನಮ್ಮ ಮನೆತನದ್ದು. ಪರದೆ ತಿರುಗದಂತೆ ಕಟ್ಟಿಹಾಕಿದೆ. ಗಟ್ಟಿ ಬೆರಳಿಗೂ ಬಳೆ ಮೂಡುವಂತೆ ಸೂಕ್ಷ್ಮತೆ ಹೆಚ್ಚಿಸಿದೆ. ಬೆರಳು ಎತ್ತಿದ ಕೂಡಲೇ ಪದ ಮುಗಿಸುವ ನಿಯಮವನ್ನು ಸಡಿಲಿಸಿ, ಒಂದು ಉಸಿರಿನಷ್ಟು ಕಾಯುವಂತೆ ಮಾಡಿದೆ. ಉಳಿದ ನಾಲ್ವರು "ಒಬ್ಬ ಅತ್ತೆಗೋಸ್ಕರ ಇಷ್ಟೆಲ್ಲವೇ" ಎಂದು ಗೊಣಗಿದರು. ಒಬ್ಬಳಿಗೆ ಸರಿಹೋದರೆ ರೊಟ್ಟಿ ಬಡಿಯುವ ಎಲ್ಲರಿಗೂ ಸರಿಹೋಗುತ್ತದೆ ಎಂದು ನಾನು ವಾದಿಸಿದೆ. ಜಗಳಕ್ಕೆ ಅತ್ತೆಯಿಲ್ಲದಿದ್ದರೂ ಅತ್ತೆಯ ಸೊಸೆಯಿದ್ದಳು, ನಮ್ಮಲ್ಲಿ ಅಣ್ಣತಮ್ಮಂದಿರ ಮಗಳೂ ಅತ್ತೆಗೆ ಸೊಸೆಯೇ.

ಎರಡನೆಯ ತಿಂಗಳಲ್ಲಿ ಅತ್ತೆಗೆ ಕೈ ಕೂತಿತು. ನನಗಿದ್ದ ದೊಡ್ಡ ಆಸೆ, ಅವಳು ಬರೆದದ್ದನ್ನು ಫೋನೇ ಓದಿ ಹೇಳಬೇಕೆಂದು. ಅದನ್ನೂ ಜೋಡಿಸಿ ತೋರಿಸಿದೆ. ವಾರ್ತೆ ಓದುವವರಂಥ ಹೆಣ್ಣುಧ್ವನಿ ಅತ್ತೆಯ ಅಡುಗೆಮನೆಯಲ್ಲಿ ನಯವಾಗಿ, "ಹಾಲು ಉಕ್ಕಾಕತ್ತದ" ಎಂದಿತು. ಅತ್ತೆ ಫೋನನ್ನು ಕೆಳಗಿಟ್ಟು ದೂರ ಸರಿದಳು. ಆಮೇಲೆ ತೆಗೆದುಕೊಂಡು ಬರೆದಳು: "ಈಕಿ ಯಾರು? ನನ್ನ ಮನ್ಯಾಗ ಯಾಕ ಮಾತಾಡಾಕತ್ತಾಳ?" ನಾನು ವಿವರಿಸಿದೆ. ಅತ್ತೆ ಕೈ ಅಡ್ಡ ಆಡಿಸಿದಳು. ಅಷ್ಟರಲ್ಲಿ ಹಾಲು ನಿಜವಾಗಿ ಉಕ್ಕಿತ್ತು.

ಹಾಗೆ ಓದುವ ಕೆಲಸ ಮಾಮಾನ ಕೊರಳಿಗೆ ಬಿತ್ತು. ಅತ್ತೆ ಬರೆದು ಫೋನು ಚಾಚಿದರೆ ಮಾಮಾ ದೂರ ಹಿಡಿದು, ಕನ್ನಡಕ ಮೂಗಿನ ತುದಿಗೆ ತಂದು, ಏರಿಳಿತವಿಲ್ಲದ ದನಿಯಲ್ಲಿ ಓದುತ್ತಿದ್ದರು. ಒಂದಕ್ಷರ ಬಿಡುತ್ತಿರಲಿಲ್ಲ. ಕೊನೆಗೆ "ಅಂತಾಳ" ಎಂದು ಸೇರಿಸುತ್ತಿದ್ದರು. ತಮ್ಮನ್ನು ಬೈದದ್ದನ್ನೂ ಹಾಗೆಯೇ ಓದುತ್ತಿದ್ದರು. "ಎಷ್ಟ ಸಲ ಹೇಳ್ಬೇಕ ನಿಮಗ, ಕೆಸರಿನ ಕಾಲು ತೊಳದ ಒಳಗ ಬರ್ರಿ, ಅಂತಾಳ" ಎಂದು ತಾವೇ ಓದಿ, ತಾವೇ ಎದ್ದು ಕಾಲು ತೊಳೆಯಲು ಹೋಗುತ್ತಿದ್ದರು. ನಲವತ್ತು ವರ್ಷದಲ್ಲಿ ಮಾಮಾ ಆಡಿದ ಮಾತಿಗಿಂತ ಆ ಎರಡು ತಿಂಗಳಲ್ಲಿ ಓದಿದ ಮಾತು ಹೆಚ್ಚು. ಪಾಪ, ದನಿ ಒಡೆದು ಕಟ್ಟಿಕೊಂಡಿತ್ತು.

ಇಷ್ಟಾದ ಮೇಲೆ ನಾನು ದೊಡ್ಡ ತಪ್ಪು ಮಾಡಿದೆ. ನನ್ನ ಕೆಲಸದಲ್ಲಿ ಪರೀಕ್ಷೆಗೆ ಜನರ ಹೆಸರು ಬರೆಸುವುದು ಮುಖ್ಯ. ಬೇರೆ ಪದಗಳಾದರೆ ಅರ್ಧ ಎಳೆದಾಗಲೇ ಕೀಬೋರ್ಡು ಊಹಿಸಿ ಮುಂದೆ ತಂದಿಡುತ್ತದೆ. ಹೆಸರುಗಳಿಗೆ ಆ ಊರುಗೋಲಿಲ್ಲ, ಬೆರಳೇ ಪೂರ್ತಿ ದಾರಿ ನಡೆಯಬೇಕು. ಅದಕ್ಕೆ ಮನೆತನದ ಇಪ್ಪತ್ತು ಹೆಸರುಗಳ ಪಟ್ಟಿ ಮಾಡಿ, ವಾರಕ್ಕೊಮ್ಮೆ ಬರೆ ಎಂದು ಅತ್ತೆಗೆ ಒಪ್ಪಿಸಿದ್ದೆ. ಆ ಪಟ್ಟಿ ಬರೆಯುವಾಗ ಅವಳ ಬೆರಳು ನಡೆದ ದಾರಿ ಕಲಬುರಗಿಯಲ್ಲಿ ನನ್ನ ಕಂಪ್ಯೂಟರಿನ ಮೇಲೆ ಗೆರೆಯಾಗಿ ಕಾಣುತ್ತಿತ್ತು.

ಹತ್ತೊಂಬತ್ತು ಹೆಸರು ಸಲೀಸು. ಇಪ್ಪತ್ತನೆಯದು ಮಾಮಾನ ಹೆಸರು. ಪ್ರತಿ ವಾರವೂ ಅತ್ತೆಯ ಬೆರಳು ಮೊದಲ ಅಕ್ಷರದ ಮೇಲೆ ಕೂರುತ್ತಿತ್ತು, ಬಳೆಯ ಕಡೆಗೆ ಅರ್ಧ ಜಾರುತ್ತಿತ್ತು, ಅಲ್ಲಿಗೆ ಎದ್ದುಬಿಡುತ್ತಿತ್ತು. ಆಮೇಲೆ ಅಳಿಸಿದ ಗುರುತು. ಒಂದು ವಾರ ಮೂರು ಸಲ ಹೀಗೆ ಎದ್ದಿತ್ತು. ನನಗೆ ಕಾರಣ ಹೊಳೆದೇಬಿಟ್ಟಿತು: ಬಳೆಯ ಆ ಭಾಗ ಅವಳ ಬೆರಳಿನ ಅಡಿಯಲ್ಲೇ ಮುಚ್ಚಿಹೋಗುತ್ತಿದೆ, ಕಾಣುವುದಿಲ್ಲ, ಅದಕ್ಕೇ ಗೊಂದಲ. ಬಳೆಯನ್ನು ಬಿಚ್ಚಿ ಮತ್ತೆ ಜೋಡಿಸಲು ಕೂತೆ. ಮೂರು ವಾರ ಹಿಡಿಯಿತು.

ಇದರ ಬಿಸಿ ಮೊದಲು ತಟ್ಟಿದ್ದು ನೆಹರು ಗಂಜಿನ ಒಬ್ಬ ವ್ಯಾಪಾರಿಗೆ. ಅವರು ನಮ್ಮ ಕೀಬೋರ್ಡನ್ನು ಮೊದಲ ದಿನದಿಂದ ಬಳಸುವವರು. ಬಲಗೈ ಸದಾ ತೊಗರಿ ಚೀಲದೊಳಗೆ, ಕಾಳು ತಿಕ್ಕಿ ನೋಡುತ್ತಿರುತ್ತದೆ. ಎಡಗೈ ಹೆಬ್ಬೆರಳೊಂದರಿಂದಲೇ ದಿನವಿಡೀ ಸುದ್ದಿ ಕಳಿಸುತ್ತಾರೆ. ಹೊಸ ಬಳೆಯನ್ನು ಎಲ್ಲರ ಫೋನಿಗೂ ಕಳಿಸಿದ ಮರುದಿನ ಅವರು ಫೋನು ಮಾಡಿದರು. "ಅರೇ ಬೇಟಿ, ಏನ್ ಮಾಡ್ದಿ ಇದಕ್ಕ? ನನ್ನ ಅಂಗೂಠಾ ದಾರಿ ತಪ್ಪ್ಯಾದ. ಬೀಗರಿಗಿ 'ಬರ್ರಿ' ಅಂತ ಬರೀಲಿಕ್ಕಿ ಹೋದ್ರ ಬ್ಯಾರೇನೇ ಹೋಗ್ಯಾದ, ಸಿಟ್ಟಾಗಿ ಕುಂತಾರ!" ನಾನು ಕ್ಷಮೆ ಕೇಳಿದೆ. ಅತ್ತೆಗಾಗಿ ಬೀಗರ ಸಿಟ್ಟನ್ನು ಅವರು ಸಹಿಸಬೇಕಾಯಿತು.

ಮೂರು ವಾರದ ನಂತರವೂ ಗೆರೆ ಬದಲಾಗಲಿಲ್ಲ. ಬೆರಳು ಅರ್ಧಕ್ಕೆ ಹೋಗಿ ಎದ್ದೇ ಬರುತ್ತಿತ್ತು. ತಲೆ ಕೆಟ್ಟು, ತಂಗಿಯನ್ನೂ ಕರೆದುಕೊಂಡು ಕಮಲಾಪುರಕ್ಕೆ ಹೋದೆ. ಪಕ್ಕದಲ್ಲೇ ಕೂತು "ಈಗ ಬರಿ ಅತ್ತಿ" ಎಂದೆ. ಹತ್ತೊಂಬತ್ತೂ ಬರೆದಳು. ಇಪ್ಪತ್ತನೆಯದಕ್ಕೆ ಬೆರಳಿಟ್ಟು, ಬಾಗಿಲಲ್ಲಿ ಬಾಳೆ ನಾರು ಬಿಡಿಸುತ್ತಿದ್ದ ಮಾಮಾನ ಕಡೆ ಒಮ್ಮೆ ನೋಡಿ, ಬೆರಳು ಎತ್ತಿದಳು. "ಕಾಣವಲ್ದೇನು? ಎಲ್ಲಿ ತಡಿಲಿಕತ್ತದ, ತೋರ್ಸು" ಎಂದೆ. ಅತ್ತೆ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಸಾಯುವವರೆಗೂ ಮರೆಯಲಾರೆ. ಅಳಿಸಿ, ಸರಸರ ಎಳೆದು ತೋರಿಸಿದಳು: "ನಮ್ಮ ಮನಿಯವರು."

ತಂಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಕ್ಕಾ, ನೀ ಯಾವೂರಾಕಿ? ಅತ್ತಿ ಗಂಡನ ಹೆಸರ ಬರೀತಾಳೇನ?"

ಕಿವಿ ಬಿಸಿಯಾಯಿತು. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಗೊತ್ತಿಲ್ಲದ ತಪ್ಪು ಎನ್ನಬಹುದಿತ್ತು. ನಾನು ಇದರಲ್ಲೇ ಬೆಳೆದವಳು. ಬ್ಯಾಂಕಿನಲ್ಲಿ ಗುಮಾಸ್ತರು ಗಂಡನ ಹೆಸರು ಕೇಳಿದರೆ ಅವ್ವ ನನ್ನ ತೋಳು ತಿವಿಯುತ್ತಿದ್ದಳು, ಏಳು ವರ್ಷದ ನಾನು ಎದೆ ಉಬ್ಬಿಸಿ ಅಪ್ಪನ ಹೆಸರು ಹೇಳುತ್ತಿದ್ದೆ. ಬರೆಯುವುದೂ ಹೇಳಿದಂತೆಯೇ ಎಂದು ಅತ್ತೆಯ ಬೆರಳಿಗೆ ಗೊತ್ತಿತ್ತು. ನಾನು ಮಾತ್ರ ಗೆರೆ ನೋಡುತ್ತ, ಮನುಷ್ಯಳನ್ನು ಬಿಟ್ಟು ಬಳೆಯಲ್ಲಿ ದೋಷ ಹುಡುಕಿದ್ದೆ. ಅಂದೇ ಬಳೆಯನ್ನು ಹಿಂದಿನಂತೆ ಮಾಡಿದೆ. ಗಂಜಿನ ವ್ಯಾಪಾರಿಯ ಹೆಬ್ಬೆರಳಿಗೆ ದಾರಿ ಸಿಕ್ಕಿತು.

ಹೊರಡುವ ಮೊದಲು ಕುಬುಸದ ಮಾತು ತೆಗೆದೆ. ಈಗಂತೂ ಅತ್ತೆಯ ಬೆರಳು ಜಗಳದಷ್ಟೇ ವೇಗವಾಗಿತ್ತು, ಇನ್ನೇನು ಅಡ್ಡಿ ಎಂದು ನನ್ನ ಎಣಿಕೆ. ಅತ್ತೆ ಬರೆದು ಮಾಮಾನಿಗೆ ಕೊಡದೆ ನನಗೇ ಕೊಟ್ಟಳು: "ಮನ್ಯಾಗ ಇವರು ನಗಂಗಿಲ್ಲ. ಅಲ್ಲಿ ಮಂದಿ ನಗ್ತಾರ." ಯಾರಿಗೂ ಹೆದರದ ನನ್ನ ಅತ್ತೆ ಹೆದರಿದ್ದಳು. ಅವಳ ಆ ಗಟ್ಟಿ ಬೆರಳುಗಳನ್ನು ಹಿಡಿದು ಸ್ವಲ್ಪ ಹೊತ್ತು ಕೂತು, ಬಸ್ಸಿಗೆ ಬಂದೆ.

ಕುಬುಸದ ದಿನ ಬೆಳಿಗ್ಗೆ ತಂಗಿ ಹಸಿರು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಉಡದೆ ಕೂತಿದ್ದಳು. ಅವ್ವ ಬೈದಳು, ಅವಳ ಅತ್ತೆಮನೆಯವರು ಮುಖ ಮುಖ ನೋಡಿಕೊಂಡರು. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ಮಾಮಾ ಕೆಂಪು ಬಾಳೆಯ ಒಂದು ಇಡೀ ಗೊನೆ ಇಳಿಸಿದರು, ಹಿಂದೆ ಅತ್ತೆ ಇಳಿದಳು. ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಗೋಡೆಗೆ ಒರಗಿ ಎಲ್ಲರ ಹಿಂದೆ ಕೂತಳು. ಫೋನು ಚೀಲದಲ್ಲೇ ಇತ್ತು.

ತಂಗಿಗೆ ಹಸಿರು ಬಳೆ ಇಟ್ಟು, ಉಡಿ ತುಂಬಿದರು. ಒಡಪಿನ ಸರದಿ ಬಂತು. ಒಬ್ಬರಾದ ಮೇಲೊಬ್ಬರು ಬಾಯಿಪಾಠದ್ದು ಹೇಳಿದರು. ನನ್ನ ಮುಂದೆ ಕೂತ ಇಬ್ಬರು ಹೆಂಗಸರು ಹಿಂದಕ್ಕೊಮ್ಮೆ ನೋಡಿ ಪಿಸುಗುಟ್ಟಿದರು. "ಪಾಪ, ಎಂಥಾ ಮಾತಿನಾಕಿ ಇದ್ಲು!" ಸತ್ತವರ ಬಗ್ಗೆ ಹೇಳುವ ದನಿ. ನನಗೆ ರಕ್ತ ಕುದಿಯಿತು. ಬಾಯಿ ತೆಗೆಯುವುದರೊಳಗೆ ನನ್ನ ಬೆನ್ನ ಹಿಂದೆ ಚೀಲದ ಜಿಪ್ಪು ಎಳೆದ ಸದ್ದಾಯಿತು.

ತಂಗಿಯ ಸರದಿಯಲ್ಲಿ ಅವಳು ಬೇಕೆಂದೇ ಸುಮ್ಮನೆ ಕೂತಳು. ಹಿಂದಿನಿಂದ ಒಂದು ಫೋನು ಕೈಯಿಂದ ಕೈಗೆ ದಾಟುತ್ತ ಅವಳನ್ನು ಮುಟ್ಟಿತು. ತಂಗಿ ಮನಸ್ಸಿನಲ್ಲೇ ಓದಿಕೊಂಡು, ಕೆಂಪಾಗಿ, ಗಟ್ಟಿಯಾಗಿ ಹೇಳಿದಳು: "ಹಸರು ಬಳಿ ನನ್ನ ಕೈಯಾಗ, ಕೂಸು ನನ್ನ ಹೊಟ್ಟ್ಯಾಗ; ಬಯಕಿ ಊಟ ಉಂಡುಂಡು ಹೊಟ್ಟಿ ಬಂದದ್ದು ಮಾತ್ರ..." ಎಂದು ಗಂಡನ ಹೆಸರು ಸೇರಿಸಿದಳು. ಪಡಸಾಲೆಯಲ್ಲಿದ್ದ ಅವಳ ಗಂಡ ಹೊಟ್ಟೆ ಒಳಗೆ ಎಳೆದುಕೊಂಡದ್ದು ಕಿಟಕಿಯಿಂದ ಎಲ್ಲರಿಗೂ ಕಂಡಿತು. ನಗು ಎದ್ದಿತು. ಅತ್ತೆಯನ್ನು ನೋಡಿ ಅಲ್ಲ, ಅತ್ತೆ ಹೇಳಿದ್ದಕ್ಕೆ.

ಆಮೇಲೆ ಹೆಂಗಸರು ಬಿಡುತ್ತಾರೆಯೇ? "ಈಗ ನೀವ ಹೇಳ್ರಿ! ನಿಮ್ಮವರ ಹೆಸರ ಹೇಳ್ರಿ!" ಎಂದು ಗಂಟುಬಿದ್ದರು. ಪಿಸುಗುಟ್ಟಿದವರೇ ಎಲ್ಲರಿಗಿಂತ ಜೋರು. ಅತ್ತೆ ಬೇಡವೆಂದು ಕೈಯಾಡಿಸಿದಳು, ಅವರು ಕೇಳಲಿಲ್ಲ. ಕೊನೆಗೆ ಫೋನನ್ನು ಮಡಿಲಿಗೆ ಎಳೆದುಕೊಂಡಳು. ನಾನು ಪಕ್ಕಕ್ಕೆ ಹೋಗಿ ಕೂತೆ. ಬೆರಳು ನಡೆಯಿತು. ಎರಡು ಸಾಲು ಮುಗಿದವು. ಮುಂದೆ ಆ ಅಕ್ಷರದ ಮೇಲೆ ಬೆರಳು ಕೂತಿತು, ಬಳೆ ಬಿಚ್ಚಿತು, ಅರ್ಧ ದಾರಿಗೆ ಹೋಯಿತು. ಬೆರಳು ಏಳಲಿಲ್ಲ. ಒಂದೇ ಎಳೆತದಲ್ಲಿ ಹೆಸರು ಪೂರ್ತಿ ಮೂಡಿತು, ನಾಲ್ಕಕ್ಷರ, ಒಂದೂ ತಪ್ಪಿಲ್ಲ.

"ಕೊಡತ್ತಿ, ನಾ ಓದ್ತೀನಿ" ಎಂದು ತಂಗಿ ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ಪಡಸಾಲೆಯ ಕಡೆ ಬೆರಳು ತೋರಿಸಿದಳು. ಹೆಂಗಸರ ನಡುವೆ ಗಂಡಸನ್ನು ಕರೆಯುವುದೇ ಎಂದು ಒಬ್ಬರು ಅಂದರು, ಬಾಕಿಯವರು ಆಗಲೇ ಕರೆದಿದ್ದರು. ಮಾಮಾ ಬಂದು ಹೊಸ್ತಿಲಲ್ಲೇ ನಿಂತರು. ಟವೆಲಿನಿಂದ ಮುಖ ಒರೆಸಿಕೊಂಡು, ಫೋನು ದೂರ ಹಿಡಿದು, ತಮ್ಮ ಏರಿಳಿತವಿಲ್ಲದ ದನಿಯಲ್ಲಿ ಶುರುಮಾಡಿದರು:

"ಕಮಲಾಪುರದ ಬಾಳಿ ಕೆಂಪ, ಬಾವಿ ನೀರು ತಂಪ;
ಬಾಯಿ ಇಲ್ಲದ ನನಗ ಬಾಯಿ ಆದವರು..."

ಅಲ್ಲಿಗೆ ನಿಂತರು. ಹೆಂಗಸರು ಕಾದರು. ಮಾಮಾ ಪರದೆಯನ್ನು ಬಹಳ ಹೊತ್ತು ನೋಡಿದರು. ಅತ್ತೆ ತಮ್ಮ ಹೆಸರು ಬರೆದದ್ದನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಆಮೇಲೆ ತಲೆ ಎತ್ತಿ ಅತ್ತೆಯನ್ನು ನೋಡಿ, ಅಲ್ಲಿ ಬರೆದಿದ್ದ ಹೆಸರನ್ನು ಬಿಟ್ಟು, ಅತ್ತೆಯ ಹೆಸರು ಹೇಳಿದರು. ಮಾಮಾನ ಬಾಯಲ್ಲಿ ಆ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಮನೆ ಹಾರಿಹೋಗುವಂತೆ ಗದ್ದಲವಾಯಿತು. ಅತ್ತೆ ಎದ್ದು ಹೋಗಿ ಫೋನು ಕಸಿದ ರಭಸಕ್ಕೆ ಕುತ್ತಿಗೆಯ ಸೆರಗು ಜಾರಿತು, ಅದನ್ನು ಸರಿಮಾಡಿಕೊಳ್ಳಲೂ ಇಲ್ಲ. ಸರಸರ ಎಳೆದು ಮಾಮಾನ ಕಣ್ಣೆದುರು ಹಿಡಿದಳು. ಓದುವುದು ಮಾಮಾನ ಕೆಲಸ, ಅದನ್ನೂ ಎಲ್ಲರಿಗೂ ಕೇಳುವಂತೆ ಓದಿದರು: "ತಪ್ಪ ಓದೀರಿ, ಮತ್ತ ಓದ್ರಿ, ಅಂತಾಳ."

ಮಾಮಾ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಕಮಲಾಪುರದ ಬಾಳೆಯಿಂದ ಮತ್ತೆ ಶುರುಮಾಡಿ, ಈ ಸಲ ಇನ್ನೂ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಕೊನೆಗೆ ಬಂದಾಗ ಮತ್ತೆ ಅತ್ತೆಯ ಹೆಸರನ್ನೇ ಹೇಳಿದರು.

ಅತ್ತೆ ಮೂರನೆಯ ಸಲ ಓದಿರಿ ಎನ್ನಲಿಲ್ಲ.